ಖಾಲಿ ಕುರ್ಚಿ ನೋಡಿ ಬಂದರೆ ಸಾಕೇ? ಪೌರನೀತಿ ಕಲಿಸುವ ಪ್ರವಾಸದ ಬಗ್ಗೆ

(ಹೈಸ್ಕೂಲು ಸಮಾಜ ವಿಜ್ಞಾನ ಶಿಕ್ಷಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ)

ಶಾಸನಸಭೆಯ ಗ್ಯಾಲರಿಯಲ್ಲಿ ಮೊದಲ ಸಲ ಕೂತ ಹೈಸ್ಕೂಲು ಮಕ್ಕಳ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಬೀಳುವುದು ಖಾಲಿ ಕುರ್ಚಿ. ಕೆಳಗೆ ಒಬ್ಬರು ಎದ್ದು ನಿಂತು ಮಾತಾಡುತ್ತಿರುತ್ತಾರೆ, ಇನ್ನೊಬ್ಬರು ಕಾಗದ ತಿರುವುತ್ತಿರುತ್ತಾರೆ, ಮೂರನೆಯವರು ಆಕಳಿಸುತ್ತಿರುತ್ತಾರೆ. ಸ್ವಲ್ಪ ಹೊತ್ತಿಗೆ ಕಾವಲು ಸಿಬ್ಬಂದಿ ಬಂದು, ಮುಂದಿನ ತಂಡಕ್ಕೆ ಜಾಗ ಬಿಡಿ ಎಂದು ಎಬ್ಬಿಸುತ್ತಾರೆ. ಬಸ್ಸು ಹತ್ತಿದ ಮಕ್ಕಳ ಬಾಯಲ್ಲಿ ಒಂದೇ ಮಾತು: "ಅರ್ಧ ಜನ ಬಂದೇ ಇರ್ಲಿಲ್ಲ, ಬಂದೋರೂ ಕೇಳಿಸ್ಕೊಳ್ತಾ ಇರ್ಲಿಲ್ಲ." ಪೌರನೀತಿ ಕಲಿಸಲು ಹೊರಟವರು ತಾತ್ಸಾರ ಕಲಿಸಿ ಕರೆತಂದ ಹಾಗಾಯಿತು. ಇಂಥ ಪ್ರವಾಸಕ್ಕಿಂತ ತರಗತಿಯಲ್ಲೇ ಕೂತಿದ್ದರೆ ನಷ್ಟ ಕಡಿಮೆ.

ಆದರೆ ಅದೇ ಖಾಲಿ ಕುರ್ಚಿಯಿಂದ ಪಾಠ ಶುರುಮಾಡಬಹುದು. 2023ರಲ್ಲಿ ಉದ್ಘಾಟನೆಯಾದ ಭಾರತದ ಹೊಸ ಸಂಸತ್ ಭವನದಲ್ಲಿ ಲೋಕಸಭೆಗೆ 888 ಆಸನಗಳಿವೆ, ಸದಸ್ಯರು 543. ಎಲ್ಲರೂ ಬಂದು ಕೂತರೂ ಮುನ್ನೂರಕ್ಕೂ ಹೆಚ್ಚು ಕುರ್ಚಿ ಖಾಲಿಯೇ. ಮುಂದೆ ಕ್ಷೇತ್ರಗಳ ಸಂಖ್ಯೆ ಏರಿದರೆ ಇರಲಿ ಎಂದು ಹಾಗೆ ಕಟ್ಟಿದ್ದಾರೆ. ಬ್ರಿಟನ್ನಿನ ಹೌಸ್ ಆಫ್ ಕಾಮನ್ಸ್‌ನದು ಇದಕ್ಕೆ ತದ್ವಿರುದ್ಧ: ಸದಸ್ಯರು 650, ಕೂರಲು ಜಾಗ ಸುಮಾರು 430 ಜನಕ್ಕೆ. 1941ರ ಮೇ ತಿಂಗಳ ಬಾಂಬ್ ದಾಳಿಯಲ್ಲಿ ಆ ಸಭಾಂಗಣ ನಾಶವಾಗಿತ್ತು. ಮತ್ತೆ ಕಟ್ಟುವಾಗ ದೊಡ್ಡದಾಗಿ ಕಟ್ಟಬಹುದಿತ್ತು. ಬೇಡ, ಚಿಕ್ಕದೇ ಇರಲಿ, ಎದುರುಬದುರು ಬೆಂಚುಗಳೇ ಇರಲಿ ಎಂದು 1943ರಲ್ಲಿ ವಾದಿಸಿದವರು ಆಗಿನ ಪ್ರಧಾನಿ ಚರ್ಚಿಲ್. ಎಲ್ಲರಿಗೂ ಜಾಗವಿರುವ ಸಭಾಂಗಣದಲ್ಲಿ ದಿನನಿತ್ಯದ ಚರ್ಚೆ ಬಿಕೋ ಎನ್ನುತ್ತದೆ, ಮಹತ್ವದ ದಿನ ಜನ ಒತ್ತರಿಸಿಕೊಂಡು ನಿಂತಾಗಲೇ ವಿಷಯದ ತುರ್ತು ಕಾಣುತ್ತದೆ ಎನ್ನುವುದು ಅವರ ಲೆಕ್ಕ. ಇದಿಷ್ಟನ್ನು ಮೊದಲೇ ಓದಿಕೊಂಡು ಗ್ಯಾಲರಿಗೆ ಹೋದ ವಿದ್ಯಾರ್ಥಿ ಕೇಳುವ ಪ್ರಶ್ನೆ ಬೇರೆ: ಇಲ್ಲಿ ಇಲ್ಲದವರು ಈಗ ಎಲ್ಲಿದ್ದಾರೆ? ಹಲವರು ಅದೇ ಹೊತ್ತಿನಲ್ಲಿ ಪಕ್ಕದ ಕೊಠಡಿಗಳ ಸಮಿತಿ ಸಭೆಗಳಲ್ಲಿ ಮಸೂದೆಯ ಒಂದೊಂದೇ ಕಲಮು ನೋಡುತ್ತಿರಬಹುದು, ಕೆಲವರು ನಿಜಕ್ಕೂ ಗೈರುಹಾಜರಿರಬಹುದು. ಯಾರು ಎಲ್ಲಿ ಎಂದು ತಿಳಿಯಲು ಕಲಾಪ ಪಟ್ಟಿ, ಹಾಜರಾತಿ ದಾಖಲೆ ನೋಡಬೇಕು ಅನ್ನುವಲ್ಲಿಗೆ ಹುಡುಗರು ಬಂದರೆ ಪ್ರವಾಸದ ಅರ್ಧ ಕೆಲಸ ಆದಂತೆ.

ಹಾಗಾಗಿ ಕಟ್ಟಡ ನೋಡಲು ಪ್ರವಾಸ ಹೊರಡಿಸಬೇಡಿ, ಒಂದು ತೀರ್ಮಾನದ ಬೆನ್ನು ಹತ್ತಿಸಿ. ಶಾಲೆಯ ಗೇಟಿನ ಮುಂದೆ ರಸ್ತೆ ದಾಟಲು ಗುರುತಿಲ್ಲವೇ? ಅದನ್ನು ಹಾಕಬೇಕಾದವರು ಯಾರು, ಅವರಿಗೆ ಆ ಅಧಿಕಾರ ಕೊಟ್ಟ ಕಾನೂನು ಯಾವುದು, ದುಡ್ಡು ಯಾವ ಲೆಕ್ಕದಿಂದ ಬರಬೇಕು, ಯಾರು ಬೇಡ ಎನ್ನಬಹುದು? ಒಂದೇ ಪ್ರಶ್ನೆಯನ್ನು ಬೀದಿಯಿಂದ ಕಚೇರಿಗೆ, ಕಚೇರಿಯಿಂದ ಸಭೆಗೆ, ಸಭೆಯಿಂದ ಶಾಸನಸಭೆಗೋ ನ್ಯಾಯಾಲಯಕ್ಕೋ ಹಿಂಬಾಲಿಸಿದರೆ ಪಠ್ಯದಲ್ಲಿ ಬಿಡಿಬಿಡಿಯಾಗಿದ್ದ ಅಧ್ಯಾಯಗಳು ತಾವಾಗಿಯೇ ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಪ್ರಶ್ನೆ ಆರಿಸುವಾಗ ನಾಲ್ಕು ವಿಷಯ ನೋಡಿಕೊಳ್ಳಿ. ತೀರ್ಮಾನ ಮಾಡುವ ಹುದ್ದೆ ಇಂಥದ್ದೇ ಎಂದು ಬೆರಳು ಮಾಡಿ ತೋರಿಸುವಂತಿರಬೇಕು. ಅದರ ಬಗ್ಗೆ ಕಾಗದಪತ್ರ ಇರಬೇಕು. ಎರಡು ಕಡೆಯಲ್ಲೂ ಒಪ್ಪಬಹುದಾದ ವಾದ ಇರಬೇಕು. ವಿಷಯ ಇನ್ನೂ ಇತ್ಯರ್ಥವಾಗಿರಬಾರದು. 'ಭ್ರಷ್ಟಾಚಾರ ನಿರ್ಮೂಲನೆ', 'ಪರಿಸರ ಉಳಿಸಿ' ಇವೆಲ್ಲ ಭಾಷಣ ಸ್ಪರ್ಧೆಗೆ ಸರಿ, ಪ್ರವಾಸಕ್ಕೆ ಆಗವು. 'ಈ ಕೆರೆಯ ದಡದಲ್ಲಿ ವಾಹನ ನಿಲ್ಲಿಸಲು ಬಿಡಬೇಕೇ' ಅನ್ನುವುದು ಆಗುತ್ತದೆ.

ಇನ್ನು ಎಲ್ಲಿಗೆ ಹೋಗಬೇಕು. ಎಲ್ಲರ ಮನಸ್ಸು ಮೊದಲು ರಾಜಧಾನಿಗೆ ಓಡುತ್ತದೆ. ಅದು ಕೊನೆಗೆ ಇರಲಿ. ಮೊದಲ ಪ್ರವಾಸ ಕಾಲ್ನಡಿಗೆಯದು, ಶಾಲೆಯ ಸುತ್ತ ಒಂದು ಕಿಲೋಮೀಟರ್, ಎರಡು ಗಂಟೆ. ನಲವತ್ತು ಮಕ್ಕಳನ್ನು ಐದೈದು ಜನರ ಎಂಟು ಗುಂಪು ಮಾಡಿ. ಐದಕ್ಕಿಂತ ಹೆಚ್ಚಾದರೆ ಹಿಂದಿನ ಇಬ್ಬರು ಹರಟೆಗೆ ಇಳಿಯುತ್ತಾರೆ, ಮೂರಕ್ಕಿಂತ ಕಡಿಮೆಯಾದರೆ ಅಪರಿಚಿತರನ್ನು ಮಾತಾಡಿಸಲು ಅಂಜುತ್ತಾರೆ. ಪ್ರತಿ ಗುಂಪೂ ಇಪ್ಪತ್ತು ಸಾರ್ವಜನಿಕ ವಸ್ತುಗಳನ್ನು ಗುರುತು ಹಾಕಿಕೊಳ್ಳಬೇಕು: ದೀಪದ ಕಂಬ, ಮ್ಯಾನ್‌ಹೋಲ್ ಮುಚ್ಚಳ, ಬಸ್ ನಿಲ್ದಾಣ, ನಲ್ಲಿ, ಮರ, ಫಲಕ. ಒಂದೊಂದರ ಎದುರು ಇದು ಯಾರ ಸುಪರ್ದಿನಲ್ಲಿದೆ ಎಂದು ಬರೆಯಬೇಕು. ಕಂಬ ಒಂದು ಇಲಾಖೆಯದು, ಅದರ ಮೇಲಿನ ತಂತಿ ಇನ್ನೊಂದರದು, ಕೆಳಗಿನ ಚರಂಡಿ ಮತ್ತೊಂದರದು ಎಂದು ತಿಳಿಯುವಾಗ ಮಕ್ಕಳಿಗೆ ಆಗುವ ಬೆರಗು ಯಾವ ಪಾಠದಿಂದಲೂ ಆಗುವುದಿಲ್ಲ. ಅಗೆದ ರಸ್ತೆ ಮುಚ್ಚಿದ ತಿಂಗಳಿಗೇ ಮತ್ತೆ ಯಾಕೆ ಅಗೆಯುತ್ತಾರೆ ಎನ್ನುವುದಕ್ಕೂ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಇಲ್ಲಿ ಸಾಮಾನ್ಯವಾಗಿ ಕೆಡುವುದು ಒಂದೇ. ಮಕ್ಕಳು ದೂರುಗಳ ಪಟ್ಟಿ ಹಿಡಿದು ಬರುತ್ತಾರೆ. ಗುಂಡಿ, ಕಸ, ಕೆಟ್ಟ ದೀಪ. ದೂರು ಬರೆದ ಹಾಳೆಯಲ್ಲಿ ಬಲಗಡೆ ಇನ್ನೂ ಮೂರು ಕಾಲಂ ಎಳೆಸಿ: ಯಾರ ಹೊಣೆ, ಯಾವ ಅಧಿಕಾರದಿಂದ, ಯಾವ ಹಣದಿಂದ. ಮೂರರಲ್ಲಿ ಒಂದನ್ನಾದರೂ ತುಂಬಲಾಗದ ದೂರನ್ನು ಮುಂದಿನ ಹಂತಕ್ಕೆ ಒಯ್ಯಬೇಡಿ.

ಎರಡನೆಯದು ಸ್ಥಳೀಯ ಸಂಸ್ಥೆಯ ಸಭೆ. ಪಂಚಾಯಿತಿಯೋ ನಗರಸಭೆಯೋ, ಯಾವ ದೇಶದಲ್ಲಾದರೂ ಆಡಳಿತದ ಈ ಕೆಳಗಿನ ಮೆಟ್ಟಿಲು ಮಕ್ಕಳಿಗೆ ಸುಲಭವಾಗಿ ಅರ್ಥವಾಗುತ್ತದೆ, ಯಾಕೆಂದರೆ ಅಲ್ಲಿ ಮಾತಾಡುವ ಬೀದಿಗಳ ಹೆಸರು ಅವರಿಗೆ ಗೊತ್ತು. ಹೋಗುವ ವಾರದ ಮುಂಚೆ ಕಾರ್ಯಸೂಚಿಯ ಪ್ರತಿ ತರಿಸಿಕೊಳ್ಳಿ. ಮೂವತ್ತು ವಿಷಯ ಇರುತ್ತವೆ, ಎಲ್ಲವನ್ನೂ ಹಿಂಬಾಲಿಸಲು ಹೋದರೆ ಒಂದೂ ದಕ್ಕುವುದಿಲ್ಲ. ಗುಂಪಿಗೆ ಒಂದು ವಿಷಯ ಹಂಚಿಬಿಡಿ. ವಿಷಯ ಮಂಡಿಸಿದವರು ಯಾರು, ಯಾರು ಎಷ್ಟು ಹೊತ್ತು ಮಾತಾಡಿದರು, ಮತಕ್ಕೆ ಹಾಕಿದರೇ ಅಥವಾ 'ಎಲ್ಲರೂ ಒಪ್ಪಿದ್ದಾರೆ' ಎಂದು ಮುಂದೆ ಹೋದರೇ, ಎಂದು ಗುಂಪಿನವರು ಬರೆದುಕೊಳ್ಳಲಿ. ಚರ್ಚೆಯೇ ಇಲ್ಲದೆ ಅಂಗೀಕಾರವಾದ ವಿಷಯಗಳನ್ನು ಒಬ್ಬರು ಎಣಿಸಲಿ. ತಿಂಗಳ ನಂತರ ನಡಾವಳಿ ಪ್ರಕಟವಾದಾಗ ತಮ್ಮ ಟಿಪ್ಪಣಿಯ ಜೊತೆ ಹೋಲಿಸಬೇಕು. ಎರಡರ ನಡುವಿನ ವ್ಯತ್ಯಾಸದಲ್ಲಿ ಕಲಿಯುವುದು ಬಹಳ ಇದೆ.

ಆಯವ್ಯಯದ ಪುಸ್ತಕ ಓದಿಸುವುದನ್ನು ಬಹಳ ಜನ ಕಷ್ಟ ಎಂದು ಬಿಟ್ಟುಬಿಡುತ್ತಾರೆ. ಇಡೀ ಪುಸ್ತಕ ಬೇಡ, ಒಂದು ಸಾಲು ಸಾಕು. ಬೀದಿದೀಪ ಎಂದಿಟ್ಟುಕೊಳ್ಳಿ. ಆ ಸಾಲಿನಲ್ಲಿ ಮೂರು ಅಂಕಿ ಹುಡುಕಬೇಕು: ವರ್ಷದ ಮೊದಲಿನ ಅಂದಾಜು, ನಡುವೆ ಬದಲಾದ ಪರಿಷ್ಕೃತ ಅಂದಾಜು, ವರ್ಷ ಮುಗಿದ ಮೇಲಿನ ವಾಸ್ತವ ಖರ್ಚು. ಮೂರು ವರ್ಷದ್ದು ಸೇರಿಸಿದರೆ ಒಂಬತ್ತು ಅಂಕಿ. ಅಂದಾಜು ದೊಡ್ಡದಿದ್ದು ಖರ್ಚು ಅರ್ಧ ಮಾತ್ರ ಆಗಿದ್ದರೆ ಕೇಳಬೇಕಾದ ಪ್ರಶ್ನೆ ಸಿಕ್ಕಿತು. ದುಡ್ಡು ಇರಲಿಲ್ಲವೇ, ಟೆಂಡರಿಗೆ ಯಾರೂ ಬರಲಿಲ್ಲವೇ, ಹಣ ಬೇರೆ ಕಡೆ ಹೋಯಿತೇ? ರಾಜಸ್ಥಾನದ ಹಳ್ಳಿಗಳಲ್ಲಿ ತೊಂಬತ್ತರ ದಶಕದಲ್ಲಿ ಜನ ಸೇರಿ ಮಸ್ಟರ್ ರೋಲ್‌ಗಳನ್ನು, ಅಂದರೆ ಕೂಲಿ ಹಾಜರಿ ಪಟ್ಟಿಗಳನ್ನು, ಗಟ್ಟಿಯಾಗಿ ಓದಿಸಿದ್ದು ಇದೇ ಕೆಲಸ. ಸತ್ತವರ ಹೆಸರಿಗೆ, ಊರು ಬಿಟ್ಟವರ ಹೆಸರಿಗೆ ಕೂಲಿ ಬಟವಾಡೆಯಾಗಿದ್ದು ಹಾಗೆ ಹೊರಬಿತ್ತು. ಇಂಥ ದಾಖಲೆ ನೋಡುವ ಹಕ್ಕಿಗಾಗಿ 1996ರಲ್ಲಿ ಅಲ್ಲಿನ ಬ್ಯಾವರ್ ಪಟ್ಟಣದಲ್ಲಿ ನಲವತ್ತು ದಿನದ ಧರಣಿ ನಡೆಯಿತು, 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು. ಒಂದು ಸಾಲಿನ ಲೆಕ್ಕ ಓದಲು ಬಂದವರು ಎಲ್ಲಿಯವರೆಗೆ ಹೋಗಬಹುದು ಎಂದು ತೋರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಕಡಿಮೆ.

ನ್ಯಾಯಾಲಯದ ಭೇಟಿಯಲ್ಲಿ ಮಕ್ಕಳು ನಿರಾಶರಾಗುವುದು ಖಂಡಿತ, ಸಿನಿಮಾದ ನ್ಯಾಯಾಲಯ ಅವರ ತಲೆಯಲ್ಲಿರುತ್ತದೆ. ನಿಜವಾದ ವಿಚಾರಣಾ ನ್ಯಾಯಾಲಯದ ಬೆಳಗು ಮುಂದೂಡಿಕೆಗಳಲ್ಲೇ ಕಳೆಯಬಹುದು. ಇದನ್ನು ಮುಂಚೆಯೇ ಹೇಳಿ. ಯಾರು ಎಲ್ಲಿ ಕೂರುತ್ತಾರೆ ಎಂಬ ನಕ್ಷೆ ಬರೆಸಿ, ಒಂದು ಗಂಟೆಯಲ್ಲಿ ಎಷ್ಟು ಪ್ರಕರಣ ಕೂಗಿದರು, ಎಷ್ಟು ಮುಂದಕ್ಕೆ ಹೋದವು, ಕಾರಣ ಏನು ಹೇಳಿದರು ಎಂದು ಲೆಕ್ಕ ಇಡಿಸಿ. ಮಕ್ಕಳಿಗೆ ಸಂಬಂಧಿಸಿದ ಪ್ರಕರಣಗಳು, ಕೆಲವು ಕೌಟುಂಬಿಕ ಪ್ರಕರಣಗಳು ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತವೆ, ಅಲ್ಲಿಗೆ ಒಯ್ಯಬಾರದು. ಮೇಲಿನ ನ್ಯಾಯಾಲಯದ ಚಿತ್ರ ಬೇರೆ. ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಸಾಮಾನ್ಯವಾಗಿ ಒಂದು ಪಕ್ಷಕ್ಕೆ ವಾದಿಸಲು ಅರ್ಧ ಗಂಟೆ, ಸಾಕ್ಷಿಗಳು ಇರುವುದಿಲ್ಲ, ನ್ಯಾಯಮೂರ್ತಿಗಳು ನಡುನಡುವೆ ಪ್ರಶ್ನೆ ಹಾಕುತ್ತಲೇ ಇರುತ್ತಾರೆ. ಸತ್ಯಾಂಶ ತೀರ್ಮಾನವಾಗುವ ಜಾಗ ಒಂದು, ಕಾನೂನಿನ ಅರ್ಥ ತೀರ್ಮಾನವಾಗುವ ಜಾಗ ಇನ್ನೊಂದು ಎನ್ನುವುದು ಈ ಹೋಲಿಕೆಯಿಂದ ಹಿಡಿತಕ್ಕೆ ಸಿಗುತ್ತದೆ.

ದೂರದ ಪ್ರವಾಸಕ್ಕೆ ಈಗ ಬರೋಣ. ರಾಜಧಾನಿಗೆ ಹೋಗುವುದಾದರೆ ಅಧಿವೇಶನದ ದಿನಾಂಕ ನೋಡಿ ಹೋಗಿ. ಸದನ ಕೂರದ ತಿಂಗಳಲ್ಲಿ ಹೋದರೆ ಸಿಗುವುದು ಮಾರ್ಗದರ್ಶಿ ಹೇಳುವ ಕಂಬಗಳ ಎತ್ತರ, ಕಲ್ಲಿನ ಬಣ್ಣ. ಅಧಿವೇಶನ ಇದ್ದರೂ ಗದ್ದಲವಾಗಿ ಸದನ ಮುಂದೂಡಿಬಿಡಬಹುದು, ಅದಕ್ಕೆ ಬದಲಿ ಏರ್ಪಾಡು ಕೈಯಲ್ಲಿರಲಿ. ಎಲ್ಲಿ ಪ್ರಶ್ನೋತ್ತರ ವೇಳೆ ಇದೆಯೋ ಅಲ್ಲಿ ಅದನ್ನೇ ಕೇಳಿ ಪಡೆಯಿರಿ. ಲೋಕಸಭೆಯಲ್ಲಿ ಅದು ಬೆಳಗ್ಗೆ 11ಕ್ಕೆ. ಪ್ರಶ್ನೆ ಮುಂಚೆಯೇ ಅಚ್ಚಾಗಿರುವುದರಿಂದ ಮಕ್ಕಳು ಓದಿಕೊಂಡು ಬರಬಹುದು, ಉತ್ತರ ಪ್ರಶ್ನೆಗೆ ತಕ್ಕದ್ದೇ ಎಂದು ತೂಗಬಹುದು.

ಕೆಲವು ಶಾಸನಸಭೆಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ನಾರ್ವೆಯ ಸಂಸತ್ತು 'ಮಿನಿಟಿಂಗೆಟ್' ಎಂಬ ವ್ಯವಸ್ಥೆಯಲ್ಲಿ ವಿದ್ಯಾರ್ಥಿಗಳನ್ನೇ ಕಲ್ಪಿತ ಪಕ್ಷಗಳ ಸದಸ್ಯರನ್ನಾಗಿ ಮಾಡಿ ಸಮಿತಿ, ಒಪ್ಪಂದ, ಮತದಾನ ಎಲ್ಲ ಆಡಿಸುತ್ತದೆ. ಯುರೋಪಿಯನ್ ಸಂಸತ್ತಿನ 'ಯುರೋಸ್ಕೋಲಾ'ದಲ್ಲಿ ಬೇರೆ ಬೇರೆ ದೇಶದ ಹದಿಹರೆಯದವರು ಸ್ಟ್ರಾಸ್‌ಬರ್ಗ್‌ನ ಸದನದಲ್ಲೇ ಒಂದು ದಿನ ಕೂರುತ್ತಾರೆ. ಇಂಥದ್ದು ಲಭ್ಯವಿದ್ದರೆ ಬಿಡಬೇಡಿ, ಇಲ್ಲದಿದ್ದರೆ ಶಾಲೆಯಲ್ಲೇ ಮಾಡಿ. ಆದರೆ ಅಣಕು ಸಂಸತ್ತಿನ ಸಾಮಾನ್ಯ ದೋಷ ಗೊತ್ತಿರಲಿ: ಮಕ್ಕಳು ಟಿವಿಯಲ್ಲಿ ಕಂಡ ಕಿರುಚಾಟವನ್ನೇ ಅನುಕರಿಸುತ್ತಾರೆ. ಅದಕ್ಕೆ ಚರ್ಚೆಗಿಂತ ಸಮಿತಿಗೆ ಹೆಚ್ಚು ಸಮಯ ಕೊಡಿ. ಬಹುಮತಕ್ಕೆ ಇನ್ನೊಂದು ಗುಂಪಿನ ಮತ ಬೇಕೇಬೇಕು ಎನ್ನುವ ಹಾಗೆ ಸಂಖ್ಯೆ ಹಂಚಿ. ಆಗ ಕೂಗುವುದರಿಂದ ಕೆಲಸ ಆಗುವುದಿಲ್ಲ ಎಂದು ಅವರಿಗೇ ತಿಳಿಯುತ್ತದೆ.

ಕಟ್ಟಡಗಳ ಬಗ್ಗೆ ಇಷ್ಟು ಹೊತ್ತು ಕಟುವಾಗಿ ಹೇಳಿದೆ. ಆದರೂ ಕೆಲವು ಕಟ್ಟಡಗಳು ವಾದ ಮಾಡುತ್ತವೆ. ಜೋಹಾನ್ಸ್‌ಬರ್ಗ್‌ನ ಸಂವಿಧಾನ ನ್ಯಾಯಾಲಯ ನಿಂತಿರುವುದು ಹಳೆಯ ಜೈಲಿನ ಜಾಗದಲ್ಲಿ. ಗಾಂಧಿಯೂ ಮಂಡೇಲಾರೂ ಆ ಆವರಣದಲ್ಲಿ ಸೆರೆಯಲ್ಲಿದ್ದವರು. ವಿಚಾರಣಾಧೀನ ಕೈದಿಗಳ ಕಟ್ಟಡ ಕೆಡವಿ, ಅದರ ಇಟ್ಟಿಗೆಗಳನ್ನೇ ನ್ಯಾಯಾಲಯಕ್ಕೆ ಬಳಸಿದ್ದಾರೆ. ಬರ್ಲಿನ್ನಿನಲ್ಲಿರುವ ಜರ್ಮನಿಯ ಸಂಸತ್ತಾದ ಬುಂಡೆಸ್‌ಟಾಗ್‌ನ ಗಾಜಿನ ಗುಮ್ಮಟದಲ್ಲಿ ಸಾಮಾನ್ಯ ಜನ ಸದನದ ತಲೆಯ ಮೇಲೆ ನಡೆದಾಡುತ್ತಾರೆ. ಇಲ್ಲಿ ವಿದ್ಯಾರ್ಥಿಗೆ ಕೇಳಬೇಕಾದದ್ದು 'ಚೆನ್ನಾಗಿದೆಯೇ' ಅಂತಲ್ಲ. ಹೀಗೆ ಕಟ್ಟಿದವರು ಯಾರಿಗೆ ಏನು ಹೇಳಲು ಹೊರಟಿದ್ದರು, ಒಳಗೆ ನಡೆಯುವುದು ಆ ಮಾತಿಗೆ ಹೊಂದುತ್ತದೆಯೇ ಅಂತ.

ತಮ್ಮದೇ ವಯಸ್ಸಿನವರು ಏನಾದರೂ ಮಾಡಿದ ಜಾಗಕ್ಕೆ ಹೋದಾಗ ಹೈಸ್ಕೂಲು ಮಕ್ಕಳ ನಡೆಯೇ ಬದಲಾಗುತ್ತದೆ. ಅಮೆರಿಕದ ಲಿಟ್ಲ್ ರಾಕ್‌ನ ಸೆಂಟ್ರಲ್ ಹೈಸ್ಕೂಲಿಗೆ ಅದು ಬಿಳಿಯರಿಗೆ ಮಾತ್ರ ಎಂದಿದ್ದ ಕಾಲ ಮುಗಿಸಿ 1957ರಲ್ಲಿ ಒಂಬತ್ತು ಕಪ್ಪು ವಿದ್ಯಾರ್ಥಿಗಳು ಸೈನಿಕರ ಕಾವಲಿನಲ್ಲಿ ಕಾಲಿಟ್ಟರು. ಅದು ಇವತ್ತು ರಾಷ್ಟ್ರೀಯ ಸ್ಮಾರಕ, ಜೊತೆಗೆ ಇಂದಿಗೂ ಗಂಟೆ ಬಾರಿಸುವ ಶಾಲೆ. ಹಿರೋಷಿಮಾದಲ್ಲಿ ಅಣುಬಾಂಬಿನ ವಿಕಿರಣಕ್ಕೆ ಸಿಕ್ಕಿ, ಹನ್ನೆರಡನೇ ವಯಸ್ಸಿಗೆ 1955ರಲ್ಲಿ ತೀರಿಕೊಂಡ ಸಡಾಕೊ ಸಸಾಕಿಯ ಕತೆ ಎಲ್ಲರಿಗೂ ಗೊತ್ತು, ಆಸ್ಪತ್ರೆಯಲ್ಲಿ ಅವಳು ಮಡಿಸಿದ ಕಾಗದದ ಕೊಕ್ಕರೆಗಳ ಕಾರಣಕ್ಕೆ. ಪೌರನೀತಿಯ ದೃಷ್ಟಿಯಿಂದ ಮುಖ್ಯವಾದದ್ದು ಆಮೇಲಿನದು: ಅವಳ ಸಹಪಾಠಿಗಳು ಚಂದಾ ಎತ್ತಲು ಹೊರಟರು, 3,000ಕ್ಕೂ ಹೆಚ್ಚು ಶಾಲೆಗಳು ಕೈಜೋಡಿಸಿದವು, 1958ರಲ್ಲಿ ಮಕ್ಕಳ ಸ್ಮಾರಕ ಎದ್ದು ನಿಂತಿತು. ಕೊಕ್ಕರೆ ಮಡಿಸುವುದನ್ನು ಕಲಿಸುವ ಶಾಲೆಗಳು ಬೇಕಾದಷ್ಟಿವೆ, ಚಂದಾ ಎತ್ತಿದ ಕತೆ ಹೇಳುವವರು ಕಡಿಮೆ. ಇಂಥ ಜಾಗಗಳಲ್ಲಿ ಭಾವುಕತೆ ಉಕ್ಕುತ್ತದೆ, ಮೊಬೈಲುಗಳೂ ಮೇಲೇಳುತ್ತವೆ. ಮೊದಲ ಹತ್ತು ನಿಮಿಷ ಫೋನು ಚೀಲದಲ್ಲಿರಲಿ. ಆ ಕಾಲದ ಒಂದು ಪತ್ರವನ್ನೋ ಸುದ್ದಿಯನ್ನೋ ಅಲ್ಲೇ ನಿಂತು ಒಬ್ಬರು ಓದಲಿ.

ತಯಾರಿಯ ವಿಷಯದಲ್ಲಿ ಒಂದು ಹಳೆಯ ಸಂಶೋಧನೆ ನೆನಪಿಡಬೇಕು. ಜಾನ್ ಫಾಕ್ ಮತ್ತು ಜೊತೆಗಾರರು 1978ರಲ್ಲಿ ತೋರಿಸಿದ್ದೇನೆಂದರೆ, ಜಾಗ ತೀರಾ ಹೊಸದಾದರೆ ಮಕ್ಕಳ ಗಮನವೆಲ್ಲ ಆ ಹೊಸತನಕ್ಕೇ ಹೋಗುತ್ತದೆ, ಕಲಿಯಬೇಕಾದದ್ದಕ್ಕೆ ಉಳಿಯುವುದಿಲ್ಲ. ಪರಿಹಾರ ಸರಳ. ಜಾಗದ ಚಿತ್ರ, ನಕ್ಷೆ, ಭದ್ರತಾ ತಪಾಸಣೆ ಹೇಗಿರುತ್ತದೆ, ಶೌಚಾಲಯ ಎಲ್ಲಿದೆ, ಊಟ ಎಷ್ಟು ಗಂಟೆಗೆ, ಇದೆಲ್ಲ ಹಿಂದಿನ ದಿನವೇ ತಿಳಿಸಿ. ಶೌಚಾಲಯದ ಚಿಂತೆ ಇರುವ ಹುಡುಗಿಯ ಕಿವಿಗೆ ಸಂವಿಧಾನ ಬೀಳುವುದಿಲ್ಲ. ಒಂದು ದಿನಕ್ಕೆ ಎರಡು ಜಾಗ ಸಾಕು, ಐದು ತುರುಕಿದರೆ ಮಕ್ಕಳ ನೆನಪಿನಲ್ಲಿ ಬಸ್ಸು ಮಾತ್ರ ಉಳಿಯುತ್ತದೆ. ಭಾರವಾದ ಭೇಟಿ ಊಟಕ್ಕೆ ಮುಂಚೆ ಇರಲಿ.

ಅಧಿಕಾರಿಗಳನ್ನೋ ಜನಪ್ರತಿನಿಧಿಗಳನ್ನೋ ಭೇಟಿ ಮಾಡಿಸುವಾಗ 40 ನಿಮಿಷ ಕೇಳಿ, ಅದರಲ್ಲಿ 30 ನಿಮಿಷ ಪ್ರಶ್ನೆಗೆ ಎಂದು ಪತ್ರದಲ್ಲೇ ನಮೂದಿಸಿ. ಇಲ್ಲದಿದ್ದರೆ ಉಪದೇಶವೇ ಮುಗಿಯುವುದಿಲ್ಲ. "ನೀವು ರಾಜಕೀಯಕ್ಕೆ ಯಾಕೆ ಬಂದಿರಿ ಸರ್?" ಎಂದು ಕೇಳಿದರೆ ಬರುವುದು ಸಭೆಯ ಭಾಷಣ. "ನಿಮಗೇ ಒಪ್ಪಿಗೆಯಿಲ್ಲದೆ ನೀವು ಜಾರಿ ಮಾಡಬೇಕಾಗಿ ಬಂದ ತೀರ್ಮಾನ ಯಾವುದು, ಮೇಡಂ?" ಎಂದು ಕೇಳಿದರೆ ಒಂದು ಕ್ಷಣ ಮೌನ, ಆಮೇಲೆ ನಿಜವಾದ ಉತ್ತರ. ಪ್ರಶ್ನೆಗಳನ್ನು ತರಗತಿಯಲ್ಲಿ ಬರೆಸಿ, ಗೂಗಲ್‌ನಲ್ಲಿ ಉತ್ತರ ಸಿಗುವಂಥವನ್ನು ಹೊಡೆದುಹಾಕಿ. ಮೊದಲ ಉತ್ತರ ಸಿಕ್ಕಮೇಲೆ 'ಅಂದರೆ?' ಎಂದು ಮರುಪ್ರಶ್ನೆ ಹಾಕುವ ಕೆಲಸವನ್ನು ಇಬ್ಬರಿಗೆ ವಹಿಸಿ.

ಪಕ್ಷ ರಾಜಕೀಯದ ಭಯದಿಂದ ಎಷ್ಟೋ ಶಾಲೆಗಳು ಇಂಥ ಪ್ರವಾಸವನ್ನೇ ಕೈಬಿಡುತ್ತವೆ. ಒಂದು ಪಕ್ಷದವರನ್ನು ಭೇಟಿಯಾದರೆ ಎದುರು ಪಕ್ಷದವರನ್ನೂ ಅದೇ ವಿಷಯಕ್ಕೆ, ಅಷ್ಟೇ ಹೊತ್ತು ಭೇಟಿಯಾಗಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪ್ರಚಾರದ ಫೋಟೋ ತೆಗೆಯಬಾರದು ಎಂದು ಮುಂಚೆಯೇ ಲಿಖಿತವಾಗಿ ಕೇಳಿಕೊಳ್ಳಿ. ಶಿಕ್ಷಕರ ಅಭಿಪ್ರಾಯ ಬಸ್ಸಿನಲ್ಲೂ ಬೇಡ.

ಹಣದ ಮಾತು. ದೂರದ ಪ್ರವಾಸಕ್ಕೆ ಕೊಡಲಾಗದ ಮಕ್ಕಳು ಹೊಟ್ಟೆನೋವು ಎಂದು ಹೇಳಿ ಮನೆಯಲ್ಲಿ ಉಳಿಯುತ್ತಾರೆ, ನಾವು ನಂಬಿದಂತೆ ನಟಿಸುತ್ತೇವೆ. ಆಸ್ಟ್ರೇಲಿಯಾದಲ್ಲಿ 150 ಕಿಲೋಮೀಟರಿಗಿಂತ ದೂರದಿಂದ ಕ್ಯಾನ್ಬೆರಾಕ್ಕೆ ಪೌರನೀತಿ ಪ್ರವಾಸ ಬರುವ ಶಾಲೆಗಳಿಗೆ ಸರ್ಕಾರವೇ ನೆರವು ಕೊಡುತ್ತದೆ, ಸಂಸತ್ ಭವನದ ಭೇಟಿ ಅದರ ಷರತ್ತುಗಳಲ್ಲೊಂದು. ಅಂಥದ್ದಿಲ್ಲದ ಕಡೆ, ಎಲ್ಲರೂ ಬರಲಾಗದ ಪ್ರವಾಸಕ್ಕಿಂತ ಎಲ್ಲರೂ ಬರಬಹುದಾದ ಕಾಲ್ನಡಿಗೆಯೇ ಸರಿ. ಅಮೆರಿಕದ ಅರ್ಕನ್ಸಾದಲ್ಲಿ ಸುಮಾರು 11 ಸಾವಿರ ವಿದ್ಯಾರ್ಥಿಗಳನ್ನು ಒಳಗೊಂಡು, ಯಾವ ತಂಡ ಭೇಟಿಗೆ ಹೋಗಬೇಕು ಎಂದು ಚೀಟಿ ಎತ್ತಿ ನಿರ್ಧರಿಸಿ ನಡೆಸಿದ ಅಧ್ಯಯನವೊಂದು 2013ರ ಹೊತ್ತಿಗೆ ಪ್ರಕಟವಾಯಿತು. ಅದು ಕಲಾ ಸಂಗ್ರಹಾಲಯದ ಭೇಟಿಯದು, ಶಾಸನಸಭೆಯದಲ್ಲ. ಆದರೂ ಒಂದು ಫಲಿತಾಂಶ ನಮಗೆ ಬೇಕು: ಭೇಟಿಯಿಂದ ವಿಮರ್ಶಾಶಕ್ತಿಯೂ ಸಹಿಷ್ಣುತೆಯೂ ಹೆಚ್ಚಿದ್ದು ಕಂಡುಬಂತು, ಹಳ್ಳಿಯ ಮತ್ತು ಬಡ ಶಾಲೆಗಳ ಮಕ್ಕಳಲ್ಲಿ ಪರಿಣಾಮ ಇನ್ನೂ ದೊಡ್ಡದಿತ್ತು. ಅಂದರೆ ನಾವು ಬಿಟ್ಟುಹೋಗುವ ಮಕ್ಕಳಿಗೇ ಇದರ ಲಾಭ ಹೆಚ್ಚು.

ವಾಪಸ್ ಬಂದಮೇಲೆ ಎಲ್ಲೆಡೆ ನಡೆಯುವುದು ಪ್ರವಾಸ ವರದಿ. 'ನಾವು ಮುಂಜಾನೆ ಆರಕ್ಕೆ ಹೊರಟೆವು' ಎಂದು ಶುರುವಾಗಿ, ಒಬ್ಬರದ್ದು ನೋಡಿ ಇನ್ನೊಬ್ಬರು ಬರೆದದ್ದು. ಅದರ ಬದಲು ಎರಡು ದಿನದೊಳಗೆ, ನೆನಪು ಬಿಸಿಯಾಗಿರುವಾಗ, ಪ್ರತಿ ಗುಂಪಿನಿಂದ ಒಂದು ಪುಟದ ಪತ್ರ ಬರೆಸಿ. ಸರಿಯಾದ ಹುದ್ದೆಗೆ, ಒಂದೇ ಬೇಡಿಕೆ, ಅದಕ್ಕೆ ಆಧಾರವಾದ ಎರಡು ಅಂಕಿ, ಉತ್ತರಕ್ಕೆ ಒಂದು ದಿನಾಂಕ. 'ದಯವಿಟ್ಟು ಗಮನ ಹರಿಸಿ' ಎಂದು ಬರೆದ ಪತ್ರಕ್ಕೆ 'ಗಮನಿಸಲಾಗಿದೆ' ಎಂದೇ ಉತ್ತರ ಬರುತ್ತದೆ. 'ಈ ಗೇಟಿನ ಮುಂದೆ ದಾಟುಗುರುತು ಹಾಕಲು ಈ ವರ್ಷದ ರಸ್ತೆ ಸುರಕ್ಷತೆಯ ಲೆಕ್ಕದಲ್ಲಿ ಹಣ ಇದೆಯೇ, ಇಲ್ಲದಿದ್ದರೆ ಯಾವ ಸಭೆಯಲ್ಲಿ ಕೇಳಬೇಕು' ಎಂದು ಬರೆದರೆ ಹೌದೋ ಅಲ್ಲವೋ ಹೇಳಲೇಬೇಕಾಗುತ್ತದೆ. ಪತ್ರದ ಪ್ರತಿ, ಸ್ವೀಕೃತಿ, ಬಂದ ಉತ್ತರ, ಬಾರದಿದ್ದರೆ ನೆನಪೋಲೆ, ಎಲ್ಲವೂ ಒಂದು ಕಡತದಲ್ಲಿ ದಿನಾಂಕವಾರು ಸೇರಬೇಕು.

ಮತದಾನದ ವಯಸ್ಸು ಬಾರದವರು ಇದನ್ನೆಲ್ಲ ಮಾಡಿ ಏನು ಬಂತು ಎಂದು ಕೇಳುವವರಿದ್ದಾರೆ. 1965ರಲ್ಲಿ ವಿಯೆಟ್ನಾಂ ಯುದ್ಧಕ್ಕೆ ವಿರೋಧವಾಗಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಹೋಗಿ ಅಮಾನತಾದ ಮೇರಿ ಬೆತ್ ಟಿಂಕರ್‌ಗೆ ಆಗ ಹದಿಮೂರು. 1969ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7–2ರಲ್ಲಿ ಅವಳ ಪರ ತೀರ್ಪು ಕೊಟ್ಟಿತು. ಸ್ವಿಟ್ಜರ್ಲೆಂಡಿನ ಗ್ಲಾರಸ್‌ನಲ್ಲಿ ಜನ ಬಯಲಿನಲ್ಲಿ ಸೇರಿ ಕೈ ಎತ್ತಿ ಮತ ಹಾಕುತ್ತಾರೆ. ಅಲ್ಲಿನ ವಯಸ್ಕರು 2007ರಲ್ಲಿ ಹಾಗೇ ಕೈ ಎತ್ತಿ ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಿದರು. ನಮ್ಮ ತರಗತಿಯ ದಾಟುಗುರುತಿನ ಕೆಲಸ ಇಷ್ಟು ದೊಡ್ಡದಲ್ಲ. ಹತ್ತನೇ ತರಗತಿಯವರು ಪರೀಕ್ಷೆ ಮುಗಿಸಿ ಹೊರಡುವ ಹೊತ್ತಿಗೆ ಉತ್ತರ ಬಂದಿರದೇ ಇರಬಹುದು. ಅವರು ಹೋಗುವ ಮುಂಚೆ ಒಂಬತ್ತನೆಯವರನ್ನು ಕೂರಿಸಿಕೊಂಡು ಅರ್ಧ ಗಂಟೆ ಕಡತ ತೋರಿಸಿ, ಮುಂದಿನ ನೆನಪೋಲೆ ಯಾವ ದಿನಾಂಕಕ್ಕೆ ಹೋಗಬೇಕು ಎಂದು ಮೇಲಿನ ಹಾಳೆಯಲ್ಲಿ ಬರೆದುಕೊಟ್ಟು ಹೋಗಲಿ.